ಗಂಧದ ಆನೆಯೂ ಪರಿಗ್ರಹದ ಎಲ್ಲೆಯೂ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣ ವ್ರತವು ಮಿಕ್ಕ ನಾಲ್ಕಕ್ಕಿಂತ ಸುಲಭವೆಂದು ಬಹುಜನರ ಎಣಿಕೆ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ಪಾತ್ರೆ, ವಸ್ತ್ರ ಇವು ಇಷ್ಟಿಷ್ಟು ಸಾಕೆಂದು ಒಂದು ಕಾಗದದಲ್ಲಿ ಬರೆದು, ಗುರುಸನ್ನಿಧಿಯಲ್ಲಿಯೋ ಜಿನಬಿಂಬದ ಎದುರಿನಲ್ಲಿಯೋ ಸಂಕಲ್ಪಮಾಡಿ, ಬರೆದ ಎಲ್ಲೆಯನ್ನು ಮೀರದೆ ಇದ್ದರೆ ವ್ರತವು ನಡೆದಂತೆಯೇ ಎಂದು ತಿಳಿಯುವುದು ರೂಢಿಯಾಗಿದೆ. ಸತ್ಯವ್ರತಕ್ಕೆ ದಿನವೂ ನಾಲಗೆಯನ್ನು ಕಾಯಬೇಕು. ಅಹಿಂಸಾವ್ರತಕ್ಕೆ ಹೆಜ್ಜೆಹೆಜ್ಜೆಗೂ ನೆಲವನ್ನು ನೋಡಬೇಕು. ಇದಕ್ಕಾದರೆ ವರ್ಷಕ್ಕೊಮ್ಮೆ ಪಟ್ಟಿಯನ್ನು ನೋಡಿದರೆ ಸಾಕು. ಆದರೆ ಪಟ್ಟಿ ಸರಿಯಾಗಿದ್ದ ಮಾತ್ರಕ್ಕೆ ವ್ರತವೂ ಸರಿಯಾಗಿದೆಯೆಂದು ಹೇಳಲು ಬರುವುದಿಲ್ಲ. ದೊಡ್ಡ ಆಸ್ತಿಯ ವಿಷಯದಲ್ಲಿ ಈ ಮಾತು ಬೇಗ ಮನಸ್ಸಿಗೆ ಹತ್ತದು. ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕ ವಸ್ತುವೊಂದು ಎದುರಿಗೆ ಬಂದಾಗ ಹತ್ತುತ್ತದೆ.

ಇಂತಹ ಪ್ರಸಂಗವೊಂದನ್ನು ಭಾವಿಸಿಕೊಳ್ಳಬಹುದು. ಶಿಕಾರಿಪುರದಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ತಪ್ಪದೆ ಆಚರಿಸುವವನು; ಕಳೆದ ಅನಂತ ಚತುರ್ದಶಿಯಂದು ತನ್ನ ಪರಿಗ್ರಹದ ಪಟ್ಟಿಯನ್ನು ತಿದ್ದಿ ಇನ್ನಷ್ಟು ಕಿರಿದು ಮಾಡಿದವನು. ದುಂದುಗಾರನಲ್ಲ, ಜಿಪುಣನೂ ಅಲ್ಲ. ಅವನಿಗುಳಿದಿರುವ ಒಂದೇ ಚಪಲವೆಂದರೆ ಚದುರಂಗ. ಹೊತ್ತು ಮುಳುಗುವುದಕ್ಕೆ ಮುಂಚೆ ಊಟ ಮುಗಿಸಿ, ನೆರೆಮನೆಯವನೊಡನೆ ಪಣವಿಲ್ಲದ ಒಂದು ಆಟ. ಕಾರ್ಯನಿಮಿತ್ತ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋದವನು ಅಲ್ಲಿ ವೃದ್ಧ ಗುಡಿಗಾರನೊಬ್ಬನ ಮನೆಯಲ್ಲಿ ಶ್ರೀಗಂಧದಲ್ಲಿ ಕೆತ್ತಿದ ಯುದ್ಧದ ಆನೆಯೊಂದನ್ನು ಕಾಣುತ್ತಾನೆ. ಗೇಣೆತ್ತರದ ಆನೆ, ಬೆನ್ನ ಮೇಲೆ ಅಂಬಾರಿ, ಅಂಬಾರಿಯಲ್ಲಿ ಬಿಲ್ಲೆಳೆದ ಇಬ್ಬರು ಯೋಧರು, ಕುತ್ತಿಗೆಯ ಮೇಲೆ ಅಂಕುಶ ಹಿಡಿದ ಮಾವುತ, ಮುಂಗಾಲಿನ ಕೆಳಗೆ ಗುರಾಣಿ ಮರೆಮಾಡಿಕೊಂಡು ಬಿದ್ದಿರುವ ಒಬ್ಬ ಕಾಲಾಳು. ಬೆಲೆಯನ್ನು ಕೇಳಿದರೆ ಅವನ ಎರಡು ತಿಂಗಳ ನಿವೃತ್ತಿವೇತನಕ್ಕೆ ಸಮ. ಪಟ್ಟಿಯ ಪ್ರಕಾರ ಇನ್ನೂ ಅಷ್ಟು ಹಣವನ್ನು ವಸ್ತುವಾಗಿ ಇಟ್ಟುಕೊಳ್ಳಲು ಅವಕಾಶವಿದೆ. ಸಾಲ ಮಾಡಬೇಕಾಗಿಲ್ಲ, ಯಾರ ಅನ್ನವೂ ಕಡಮೆಯಾಗುವುದಿಲ್ಲ. ಕೊಳ್ಳಬಹುದೆ?

ಮೊದಲ ನೋಟಕ್ಕೆ ಇದು ಪ್ರಶ್ನೆಯೇ ಅಲ್ಲವೆನಿಸಬಹುದು. ಮಗಳ ಮದುವೆಗೆ ಚಪ್ಪರಕ್ಕೆಂದೇ ಲಕ್ಷಗಟ್ಟಲೆ ಸುರಿಯುವ, ನೋಂಪಿಯ ಉದ್ಯಾಪನೆಯಲ್ಲಿ ಉಡುಗೊರೆಯ ಪಾತ್ರೆಗಳನ್ನು ನೆರೆಯವರಿಗಿಂತ ಒಂದು ತೂಕ ಹೆಚ್ಚಾಗಿಯೇ ಹಂಚುವ ಸಮಾಜವು ಒಬ್ಬ ಉಪಾಧ್ಯಾಯನ ಒಂದು ಮರದ ಆನೆಯನ್ನು ಹಿಡಿದು ಧರ್ಮಜಿಜ್ಞಾಸೆಗೆ ತೊಡಗುವುದು ವಿಚಿತ್ರವೇ ಸರಿ. ಆದರೆ ಆ ಉಪಾಧ್ಯಾಯನಿಗೆ ಇದು ಪ್ರಶ್ನೆಯಾಗಿದೆ ಎಂಬುದೇ ಗಮನಿಸತಕ್ಕ ಸಂಗತಿ. ಪ್ರಶ್ನೆ ಹುಟ್ಟದವನಿಗೆ ವ್ರತವೂ ಇಲ್ಲ, ವ್ರತಭಂಗವೂ ಇಲ್ಲ.

ಈ ಸೀಮೆಯಲ್ಲಿ ಇಂತಹ ಆನೆ ಅಪರೂಪದ್ದೇನಲ್ಲ. ಸೊರಬ, ಸಾಗರಗಳ ಗುಡಿಗಾರರು ಗಂಧದ ಕೆತ್ತನೆಗೆ ತಲೆಮಾರುಗಳಿಂದ ಹೆಸರಾದವರು. ಮದುವೆಯ ಬಾಸಿಂಗವನ್ನು ಬೆಂಡಿನಲ್ಲಿ ಮಾಡುವ ಕೈಯೇ ಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ, ಹಕ್ಕಿ, ಮೃಗ, ದೇವತೆಗಳನ್ನು ಉಗುರಿನಷ್ಟು ಜಾಗದಲ್ಲಿ ಬಿಡಿಸಬಲ್ಲದು. ಹಿಂದೆ ದಂತದಲ್ಲಿಯೂ ಕೆತ್ತುತ್ತಿದ್ದರು. ಭಾರತದ ಆನೆಯ ದಂತದ ವ್ಯಾಪಾರವನ್ನು 1986ರಲ್ಲಿ ವನ್ಯಜೀವಿ ಕಾಯಿದೆಯ ತಿದ್ದುಪಡಿಯ ಮೂಲಕ ನಿಷೇಧಿಸಿದ ಮೇಲೆ ಆ ದಾರಿ ಮುಚ್ಚಿತು. ಅದು ಮುಚ್ಚಿದ್ದು ಒಳ್ಳೆಯದೇ ಆಯಿತು. ಆನೆಯ ಹಲ್ಲಿನಿಂದ ಆನೆಯ ಗೊಂಬೆಯನ್ನು ಮಾಡುವುದರಲ್ಲಿ ಒಂದು ಕ್ರೂರವಾದ ಅಣಕವಿದೆ. ಇನ್ನು ಚದುರಂಗವು ಕನ್ನಡನಾಡಿನ ಅರಸರಿಗೆ ಪ್ರಿಯವಾದ ವಿನೋದ. ಬಳ್ಳಿಗಾವಿಯು ಯಾರ ಕಾಲದಲ್ಲಿ ಬನವಾಸಿನಾಡಿನ ರಾಜಧಾನಿಯಾಗಿ ಮೆರೆಯಿತೋ ಆ ಕಲ್ಯಾಣ ಚಾಲುಕ್ಯರ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚತುರಂಗಕ್ಕೂ ಸ್ಥಾನವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದೇ ಅರವತ್ತನಾಲ್ಕು ಮನೆಗಳನ್ನೂ ಸುತ್ತಿ ಬರುವ ಬಂಧಗಳನ್ನು ರಚಿಸುವುದರಲ್ಲಿ ತಲ್ಲೀನರಾಗುತ್ತಿದ್ದವರು. ಪಣವಿಲ್ಲದ ಚದುರಂಗವನ್ನು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತಕ್ಕೆ ಸೇರಿಸುವುದು ನ್ಯಾಯವಲ್ಲ. ಪಣ ಬಂದೊಡನೆ ಸೇರಿಸದಿರುವುದೂ ನ್ಯಾಯವಲ್ಲ. ಅಷ್ಟನ್ನು ಹೇಳಿ ಈ ಅಂಶವನ್ನು ಬಿಡಬಹುದು.

ಮೊಟ್ಟಮೊದಲು ಕೇಳಬೇಕಾದದ್ದು ಆನೆಯ ವಿಷಯವಲ್ಲ, ಮರದ ವಿಷಯ. ಶ್ರೀಗಂಧವು ನೆರೆಯ ಗಿಡಗಳ ಬೇರಿನಿಂದ ಸಾರವನ್ನು ಹೀರಿ ಬೆಳೆಯುವ ಮರ. ಅದರ ಒಳತಿರುಳು ಮಾಗಿ ಸುವಾಸನೆ ತುಂಬಲು ಕೆಲವು ದಶಕಗಳೇ ಬೇಕು. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಇತರ ಮರಗಳಂತೆ ಕಾಂಡವನ್ನು ಮಾತ್ರ ಕಡಿಯದೆ ಬುಡಸಹಿತ ಕೀಳುವುದು ಪದ್ಧತಿ. ಲೇಶ್ಯೆಗಳನ್ನು ವಿವರಿಸುವಾಗ ಹೇಳುವ ನೇರಳೆ ಮರದ ದೃಷ್ಟಾಂತವು ಇಲ್ಲಿ ನೆನಪಾಗದಿರದು. ಹಣ್ಣಿನಾಸೆಗೆ ಬಂದ ಆರು ಜನರಲ್ಲಿ ಮರವನ್ನು ಬುಡದಿಂದಲೇ ಉರುಳಿಸಬೇಕೆಂದವನು ಕೃಷ್ಣಲೇಶ್ಯೆಯವನು. ನೆಲಕ್ಕೆ ಬಿದ್ದ ಹಣ್ಣನ್ನು ಆರಿಸಿಕೊಂಡರೆ ಸಾಕೆಂದವನು ಶುಕ್ಲಲೇಶ್ಯೆಯವನು. ಗಂಧವನ್ನು ಬಯಸುವವನು ತಾನು ಯಾವ ಸಾಲಿನಲ್ಲಿ ನಿಂತಿದ್ದೇನೆಂದು ನೋಡಿಕೊಳ್ಳಬೇಕಾಗುತ್ತದೆ. ಹಾಗೆಂದು ಗುಡಿಗಾರನು ಮರವನ್ನು ಕಿತ್ತವನಲ್ಲ. ಅವನ ಕೈಗೆ ಬರುವುದು ತುಂಡು.

ಆ ತುಂಡು ಎಲ್ಲಿಂದ ಬಂತು? ಟಿಪ್ಪು ಸುಲ್ತಾನನ ಕಾಲದಿಂದ ರಾಜವೃಕ್ಷವೆನಿಸಿಕೊಂಡ ಈ ಮರದ ಮೇಲೆ ಬಹುಕಾಲ ಸರ್ಕಾರದ್ದೇ ಹಕ್ಕಿತ್ತು. 2001ರ ತಿದ್ದುಪಡಿಯಿಂದ ತನ್ನ ಜಮೀನಿನ ಗಂಧದ ಮರಕ್ಕೆ ಜಮೀನಿನವನೇ ಒಡೆಯನಾದನು; ಆದರೂ ಕಡಿಯುವುದಕ್ಕೂ ಸಾಗಿಸುವುದಕ್ಕೂ ಮಾರುವುದಕ್ಕೂ ಕಟ್ಟಳೆಗಳಿವೆ. ಮಲೆನಾಡಿನ ಕಾಡುಗಳಲ್ಲಿ ಗಂಧದ ಕಳ್ಳತನವು ಎಲ್ಲರೂ ಬಲ್ಲ ಸಂಗತಿ. ಕಳ್ಳನಿಂದ ಬಂದ ಮಾಲನ್ನು ಸ್ವೀಕರಿಸುವುದು ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದೆಂದು ಆಚಾರ್ಯರು ಸ್ಪಷ್ಟವಾಗಿ ಎಣಿಸಿದ್ದಾರೆ. ಆದುದರಿಂದ ಉಪಾಧ್ಯಾಯನು ಸಂಕೋಚಪಡದೆ ಕೇಳಬೇಕು. ಒಳ್ಳೆಯ ಕುಶಲಕರ್ಮಿಗೆ ಈ ಪ್ರಶ್ನೆಯಿಂದ ಅವಮಾನವಾಗದು. ಡಿಪೋದಿಂದ ಪಡೆದ ತುಂಡೆಂದು ಅವನು ರಸೀದಿಯನ್ನು ತೋರಿಸಿದನೆಂದೇ ಇಟ್ಟುಕೊಂಡು ಮುಂದಕ್ಕೆ ಹೋಗಬಹುದು. ತೋರಿಸದಿದ್ದರೆ ಈ ಲೇಖನವು ಇಲ್ಲಿಗೇ ಮುಗಿಯುತ್ತಿತ್ತು.

ಎರಡನೆಯ ಪ್ರಶ್ನೆ ಆಳವಾದದ್ದು. ಅದು ಹಣದ್ದಲ್ಲ, ಹಿಂಸೆಯದು. ಬಿದ್ದವನನ್ನು ತುಳಿಯುತ್ತಿರುವ ಆನೆಯನ್ನು ಅಹಿಂಸಾವ್ರತಿಯು ತನ್ನ ಮನೆಯಲ್ಲಿ ಇಟ್ಟುಕೊಂಡು ನೋಡಿ ಸಂತೋಷಪಡುವುದು ಸರಿಯೆ? 'ಅದು ಕೇವಲ ಗೊಂಬೆ' ಎಂಬ ಉತ್ತರವು ಬೇರೆಯವರ ಬಾಯಲ್ಲಿ ನಡೆದೀತು, ಜೈನನ ಬಾಯಲ್ಲಿ ನಡೆಯದು. ಏಕೆಂದರೆ ಗೊಂಬೆಯನ್ನು ಕೊಂದದ್ದಕ್ಕೆ ಜನ್ಮಜನ್ಮಾಂತರಗಳ ದುಃಖವನ್ನು ಉಂಡ ಅರಸನ ಕಥೆಯನ್ನು ಕನ್ನಡಿಗರು ಜನ್ನನ 'ಯಶೋಧರ ಚರಿತೆ'ಯ ಮೂಲಕ 1209ರಿಂದಲೂ ಬಲ್ಲರು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಕಟ್ಟುಬಿದ್ದ ಯಶೋಧರನು ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪದೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಕತ್ತಿ ತಾಗಿದೊಡನೆ ಆ ಹಿಟ್ಟಿನ ಕೋಳಿ ಕೂಗಿತು. ತಾಯಿಮಕ್ಕಳಿಬ್ಬರೂ ನವಿಲು ನಾಯಿಗಳಾಗಿ ಹುಟ್ಟುವುದರಿಂದ ತೊಡಗಿ ಅನುಭವಿಸಿದ ಪಾಡು ಎಲ್ಲರಿಗೂ ತಿಳಿದದ್ದೇ. ಅಲ್ಲಿ ಸತ್ತದ್ದು ಹಿಟ್ಟು. ಆದರೂ ಸಂಕಲ್ಪವು ಹಿಂಸೆಯದಾಗಿದ್ದುದರಿಂದ ಕರ್ಮವು ಹಿಂಸೆಯದೇ ಆಯಿತು.

ಈ ಕಥೆಯನ್ನು ಚದುರಂಗಕ್ಕೆ ಹಾಗೆಯೇ ಅನ್ವಯಿಸಿದರೆ ಪ್ರತಿಯೊಂದು ಕಾಯಿಯನ್ನು ಹೊಡೆದಾಗಲೂ ಪಾಪವೆನ್ನಬೇಕಾದೀತು. ಅದು ಸಲ್ಲದು. ಯಶೋಧರನು ಕೊಲ್ಲುವ ಫಲವನ್ನು ಬಯಸಿ, ಕೊಲ್ಲುವ ವಿಧಿಯನ್ನು ನಡೆಸಿ, ಕೊಲ್ಲಿಸಿಕೊಳ್ಳುವ ಪ್ರಾಣಿಯ ಸ್ಥಾನದಲ್ಲಿ ಹಿಟ್ಟನ್ನು ಇಟ್ಟನು. ಚದುರಂಗವಾಡುವವನ ಮನಸ್ಸಿನಲ್ಲಿ ಕೊಲೆಯಿಲ್ಲ, ಮನೆಗಳ ಲೆಕ್ಕವಿದೆ. 'ಆನೆಯನ್ನು ಹೊಡೆದೆ' ಎಂದಾಗ ಆನೆಯ ನೆನಪೂ ಅವನಿಗಿರದು.

ಈ ವ್ಯತ್ಯಾಸವನ್ನು ಹೇಳಲು ಜೈನಶಾಸ್ತ್ರದಲ್ಲಿ ತಕ್ಕ ಪರಿಭಾಷೆಯೇ ಇದೆ. ನಾಮ, ಸ್ಥಾಪನಾ, ದ್ರವ್ಯ, ಭಾವವೆಂಬ ನಾಲ್ಕು ನಿಕ್ಷೇಪಗಳಲ್ಲಿ ಎರಡನೆಯದಾದ ಸ್ಥಾಪನೆಯಲ್ಲಿ ತದಾಕಾರ, ಅತದಾಕಾರವೆಂದು ಎರಡು ಬಗೆ. ಜಿನನ ಆಕಾರವುಳ್ಳ ಬಿಂಬದಲ್ಲಿ ಜಿನನನ್ನು ಭಾವಿಸುವುದು ತದಾಕಾರ. ಆಕಾರದ ಹೋಲಿಕೆಯಿಲ್ಲದ ವಸ್ತುವಿನಲ್ಲಿ 'ಇದು ಅದು' ಎಂದು ನಿಶ್ಚಯಿಸುವುದು ಅತದಾಕಾರ. ಈ ಎರಡನೆಯದಕ್ಕೆ ಪಾಠಶಾಲೆಯಲ್ಲಿ ಕೊಡುವ ಉದಾಹರಣೆಯೇ ಚದುರಂಗದ ಕಾಯಿ! ಒಂದು ಮರದ ತುಂಡನ್ನು ರಾಜನೆಂದೂ ಇನ್ನೊಂದನ್ನು ಆನೆಯೆಂದೂ ಕರೆದು ಆಡುತ್ತೇವಷ್ಟೆ. ಉಪಾಧ್ಯಾಯನ ಮನೆಯಲ್ಲಿರುವ ಹಳೆಯ ಕಾಯಿಗಳು ಈ ಜಾತಿಯವು. ಅವುಗಳಲ್ಲಿ ಆನೆಯೆಂಬುದು ತುದಿ ಮೊಂಡಾದ ಒಂದು ಗೂಟ. ಸೊರಬದ ಆನೆಯಾದರೋ ಗೂಟವಲ್ಲ. ಅದಕ್ಕೆ ಕಣ್ಣಿದೆ, ಮದವಿದೆ, ಕಾಲಿನ ಕೆಳಗೆ ಸಾಯುತ್ತಿರುವ ಮನುಷ್ಯನಿದ್ದಾನೆ. ಅತದಾಕಾರವು ತದಾಕಾರವಾದಷ್ಟೂ ಮನಸ್ಸು ಲೆಕ್ಕದಿಂದ ರೂಪಕ್ಕೆ ಇಳಿಯುತ್ತದೆ. ಯುದ್ಧದ ಆಟದಲ್ಲಿ ಆಟವು ಹಿಂದಾಗಿ ಯುದ್ಧವು ಮುಂದಾಗುತ್ತದೆ. ಬಿಂಬದ ಸಾದೃಶ್ಯವು ಭಕ್ತಿಯನ್ನು ಹೆಚ್ಚಿಸುತ್ತದೆಂದು ನಂಬಿ ಬಸದಿಗಳನ್ನು ಕಟ್ಟಿಸಿದವರು, ಕೊಲೆಯ ಸಾದೃಶ್ಯವು ಏನನ್ನೂ ಹೆಚ್ಚಿಸುವುದಿಲ್ಲವೆಂದು ವಾದಿಸಲು ಬರುವುದಿಲ್ಲ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಹಗುರವಾಗಿ ತಳ್ಳಬಾರದು. ಪಶ್ಚಿಮದಲ್ಲಿ 1824ರಲ್ಲಿ ಪ್ರಷ್ಯದ ಸೇನಾಧಿಕಾರಿಗಳು ಮೇಜಿನ ಮೇಲೆ ಯುದ್ಧವನ್ನು ಆಡುವುದನ್ನು ತರಬೇತಿಗಾಗಿ ಕೈಗೊಂಡರು. ಅದರ ಉದ್ದೇಶ ನಿಜವಾದ ಕೊಲೆಯನ್ನು ಚೆನ್ನಾಗಿ ಮಾಡುವುದೇ. ಆದರೆ ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ, ಮೊದಲ ಮಹಾಯುದ್ಧಕ್ಕೆ ಒಂದೇ ವರ್ಷ ಮುಂಚೆ, ಸೀಸದ ಸಿಪಾಯಿಗಳೊಡನೆ ಆಡುವ ಚಿಕ್ಕ ಯುದ್ಧಗಳ ನಿಯಮಗಳನ್ನು ಪುಸ್ತಕವಾಗಿ ಬರೆದಾಗ ಅವನ ಅಭಿಪ್ರಾಯ ಬೇರೆಯಾಗಿತ್ತು. ಯುದ್ಧದ ಹುಚ್ಚುಳ್ಳವರು ನೆಲದ ಮೇಲೆ ಗೊಂಬೆಗಳೊಡನೆ ಆ ಹುಚ್ಚನ್ನು ತೀರಿಸಿಕೊಂಡರೆ ಊರುಗಳು ಉಳಿದಾವು, ಚಿಕ್ಕ ಯುದ್ಧದಲ್ಲಿಯೇ ಆಗುವ ಎಡವಟ್ಟುಗಳನ್ನು ಕಂಡವನಿಗೆ ದೊಡ್ಡ ಯುದ್ಧದ ಮೂರ್ಖತನವು ತಿಳಿದೀತು ಎಂಬುದು ಅವನ ಆಶಯ. ಇಂದು ಅನೇಕ ದೇಶಗಳಲ್ಲಿ, ಭಾರತದ ದೊಡ್ಡ ನಗರಗಳಲ್ಲಿಯೂ, ಇಂತಹ ಪುಟ್ಟ ಯೋಧರ ಒಂದೊಂದು ಪ್ರತಿಮೆಗೆ ಸಾವಿರಾರು ರೂಪಾಯಿ ತೆತ್ತು, ಕೂದಲೆಳೆಯ ಕುಂಚದಿಂದ ಬಣ್ಣ ತುಂಬಿ ಆಡುವ ಯುವಕರಿದ್ದಾರೆ; ಅವರೆಲ್ಲ ಕ್ರೂರಿಗಳೆಂದರೆ ಅದು ಸುಳ್ಳಾಗುತ್ತದೆ. ಆದರೆ ವೆಲ್ಸನ ಆಶಯವು 1914ರಲ್ಲಿ ಯಾವ ಸೈನ್ಯವನ್ನೂ ತಡೆಯಲಿಲ್ಲ. ಅನರ್ಥದಂಡದ ಐದು ಭೇದಗಳಲ್ಲಿ ಒಂದಾದ ಅಪಧ್ಯಾನವನ್ನು ಆಚಾರ್ಯರು ವಿವರಿಸುವುದು ಪರರ ವಧೆ ಬಂಧನಗಳನ್ನು ಚಿಂತಿಸುವ ಮನಸ್ಸನ್ನು ಕುರಿತು. ಆ ಮನಸ್ಸು ಆನೆಯನ್ನು ನೋಡುವವನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಹೊರಗಿನವರು ಹೇಳಲಾರರು.

ಹಾಗೆ ನೋಡಿದರೆ ಯುದ್ಧದ ಚಿತ್ರವನ್ನು ಕಂಡು ಮುಖ ತಿರುಗಿಸಬೇಕಾದರೆ ಈ ಎರಡು ತಾಲ್ಲೂಕುಗಳಲ್ಲಿ ನಡೆದಾಡುವುದೇ ಕಷ್ಟ. ಬಳ್ಳಿಗಾವಿ, ಬಂದಳಿಕೆ, ಉದ್ರಿ, ಕುಪ್ಪಟೂರುಗಳ ಸುತ್ತಮುತ್ತ ಎಲ್ಲಿ ನೋಡಿದರೂ ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಲೋಕ. ಚಾವುಂಡರಾಯನಂತಹ ಸೇನಾನಿಯನ್ನು ತನ್ನವನೆಂದು ಹೆಮ್ಮೆಪಡುವ ಸಮಾಜವು ಅಂಬಾರಿಯಲ್ಲಿ ಬಿಲ್ಲುಹಿಡಿದವನನ್ನು ಕಂಡು ಹೌಹಾರುವುದು ಒಪ್ಪುವ ಮಾತಲ್ಲ. ಗೃಹಸ್ಥನು ತ್ಯಜಿಸಲೇಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ನಾಡನ್ನು ಕಾಯುವಾಗ ಒದಗುವ ವಿರೋಧೀ ಹಿಂಸೆಯಿಂದ ಅವನಿಗೆ ಪೂರ್ಣ ಬಿಡುಗಡೆಯಿಲ್ಲ. ಆದರೆ ಇದೇ ಮಣ್ಣಿನಲ್ಲಿ ವೀರಗಲ್ಲುಗಳ ಮಗ್ಗುಲಲ್ಲಿಯೇ ನಿಷಿಧಿಗಲ್ಲುಗಳೂ ಇವೆ. ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ ಗೌಡಕುಲದ ಶ್ರಾವಕ ಶ್ರಾವಿಕೆಯರು ಸಮಾಧಿಮರಣವನ್ನು ಪಡೆದುದನ್ನು ಹೇಳುವ ಕಲ್ಲುಗಳು ಒಂದೆರಡಲ್ಲ, ಹಲವಾರು. ಎರಡೂ ಬಗೆಯ ಕಲ್ಲನ್ನು ಕೆತ್ತಿದವರು ಒಂದೇ ನಾಡಿನ ಶಿಲ್ಪಿಗಳು. ಒಂದರಲ್ಲಿ ಹಿಡಿದ ಆಯುಧ, ಇನ್ನೊಂದರಲ್ಲಿ ಜೋಡಿಸಿದ ಕೈ.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಜಕ್ಕಿಯಬ್ಬೆಯ ವೃತ್ತಾಂತವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೆನೆಯಬೇಕು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಆಕೆಯ ಪತಿ ನಾಗಾರ್ಜುನನು ತೀರಿಕೊಂಡಾಗ ಆ ಅಧಿಕಾರವನ್ನು ಆಕೆಗೆ ಕೊಡಲಾಯಿತು. ಆಕೆ ಅದನ್ನು ಬೇಡವೆನ್ನಲಿಲ್ಲ. ಹೆಣ್ಣಾದರೂ ಸಮರ್ಥಳಾಗಿ ಎಪ್ಪತ್ತು ಹಳ್ಳಿಗಳ ನಾಡನ್ನು ಆಳಿದಳು. ದೇಹಕ್ಕೆ ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥದ ಬಸದಿಗೆ ಬಂದು ವ್ರತವನ್ನು ಕೈಗೊಂಡು ಶರೀರವನ್ನು ತ್ಯಜಿಸಿದಳು. ಆಕೆಯ ಪರಿಗ್ರಹವು ಎಪ್ಪತ್ತು ಹಳ್ಳಿ. ಉಪಾಧ್ಯಾಯನದು ಒಂದು ಗೇಣು ಗಂಧ. ಪರಿಮಾಣದಲ್ಲಿ ಹೋಲಿಕೆಯೇ ಇಲ್ಲ. ಆದರೆ ಶಾಸನವು ಆಕೆಯನ್ನು ಹೊಗಳುವುದು ಆಕೆ ಎಪ್ಪತ್ತನ್ನು ಮೂವತ್ತೈದು ಮಾಡಿಕೊಂಡಳೆಂದಲ್ಲ. ಕೈಯಲ್ಲಿದ್ದಾಗ ಕೈಯಲ್ಲಿತ್ತು; ಬಿಡಬೇಕಾದಾಗ ಬಿಟ್ಟಳು. ಉಮಾಸ್ವಾತಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಇಡದೆ ಮೂರ್ಛೆಯಲ್ಲಿ ಇಟ್ಟುದರ ಅರ್ಥವು ಇಂತಹ ಒಂದು ಬಾಳಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೂರ್ಛೆಯೆಂದರೆ 'ಇದು ನನ್ನದು, ನನ್ನದಾಗಬೇಕು' ಎಂಬ ಮಂಕು. ಈ ದೃಷ್ಟಿಯಿಂದ ನೋಡಿದಾಗ ಉಪಾಧ್ಯಾಯನ ಪ್ರಶ್ನೆಯ ಮುಖವೇ ಬದಲಾಗುತ್ತದೆ. ಅವನು ಸೊರಬದಿಂದ ಬರಿಗೈಯಲ್ಲಿ ಬಸ್ಸು ಹತ್ತಿದನೆಂದುಕೊಂಡರೆ ಪರಿಗ್ರಹವು ತಪ್ಪಿತೆ? ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ಕಣ್ಣೆದುರಿಗೆ ಬರುವುದು ಆ ಎತ್ತಿದ ಸೊಂಡಿಲೇ ಆದರೆ ಆನೆಯು ಅವನ ಮನೆಗೆ ಬಂದೇ ಬಂದಿದೆ, ಹಣ ಮಾತ್ರ ಕೊಟ್ಟಿಲ್ಲ. ಸಮಂತಭದ್ರ ಆಚಾರ್ಯರು 'ರತ್ನಕರಂಡಕ'ದಲ್ಲಿ ಭೋಗೋಪಭೋಗ ಪರಿಮಾಣದ ಅತಿಚಾರಗಳನ್ನು ಎಣಿಸುವಾಗ ಅನುಭವಿಸಿದ್ದನ್ನು ಮತ್ತೆಮತ್ತೆ ನೆನೆಯುವುದನ್ನೂ, ಮುಂದೆ ಅನುಭವಿಸಬೇಕೆಂದು ಬಾಯಾರುವುದನ್ನೂ ಸೇರಿಸಿದ್ದಾರೆ. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿಯಂತೂ ವಿಸ್ಮಯವೆಂಬುದೊಂದಿದೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದು. ವಸ್ತುವನ್ನು ಮುಟ್ಟದೆಯೂ ಈ ಅತಿಚಾರಗಳು ಆಗಿಹೋಗುತ್ತವೆ. ಉಪವಾಸವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರಣೆಯ ದಿನ ಏಕಭುಕ್ತ, ಪರ್ವದ ದಿನ ನಿರಾಹಾರ, ಪಾರಣೆಯ ದಿನ ಮತ್ತೆ ಏಕಭುಕ್ತ, ಎಲ್ಲವೂ ಕ್ರಮವಾಗಿಯೇ ನಡೆದು, ಪರ್ವದ ದಿನವಿಡೀ ಮನಸ್ಸು ಮಾರನೆಯ ಬೆಳಗಿನ ಪಾರಣೆಯ ಅಡಿಗೆಯ ಸುತ್ತಲೇ ತಿರುಗಿದ್ದರೆ, ಹೊಟ್ಟೆಯು ಉಪವಾಸವಿತ್ತೆಂದು ಹೇಳಬಹುದು. ಅದಕ್ಕಿಂತ ಹೆಚ್ಚಾಗಿ ಹೇಳಲು ಬರುವುದಿಲ್ಲ.

ಈ ವಾದವನ್ನು ಹಿಡಿದು ಕೆಲವರು ಬೇರೊಂದು ತೀರ್ಮಾನಕ್ಕೆ ಹಾರುವುದುಂಟು. ಬಯಸುತ್ತ ಕೊರಗುವುದಕ್ಕಿಂತ ಕೊಂಡು ಮುಗಿಸುವುದೇ ಮೇಲು, ಕೊಂಡ ಮೇಲೆ ಬಯಕೆ ಸಾಯುತ್ತದೆ ಎಂದು. ಇದು ಜಾಣ ಮಾತು, ನಿಜವಲ್ಲ. ಆನೆಯೊಂದು ಬಂದರೆ ಅದರ ಜೊತೆಗೆ ಕುದುರೆ ಇಲ್ಲದಿರುವುದು ಕಾಣತೊಡಗುತ್ತದೆ. ಚತುರಂಗವು ಹೆಸರಿನಿಂದಲೇ ನಾಲ್ಕು ಅಂಗಗಳದ್ದು. ಗಾಜಿನ ಪೆಟ್ಟಿಗೆ ಬೇಕಾಗುತ್ತದೆ, ಗಾಜಿನ ಪೆಟ್ಟಿಗೆಗೆ ಗೋಡೆಯಲ್ಲಿ ಗೂಡು ಬೇಕಾಗುತ್ತದೆ, ಗೂಡಿರುವ ಕೋಣೆಗೆ ಬೀಗ. ಮೊಮ್ಮಕ್ಕಳು ಆ ಕೋಣೆಗೆ ಬಂದರೆ ಅಜ್ಜನ ದನಿ ಏರುತ್ತದೆ. ಬೆಲೆಯುಳ್ಳ ಒಂದು ವಸ್ತು ಮನೆಯಲ್ಲಿ ಎಷ್ಟು ಜಾಗವನ್ನು ಹಿಡಿಯುತ್ತದೆಂಬುದನ್ನು ಅದರ ಎತ್ತರದಿಂದ ಅಳೆಯಲಾಗದು.

ಇನ್ನೊಂದು ತೀರ್ಮಾನವು ಹೆಚ್ಚು ಸಭ್ಯವಾದದ್ದು: ಗುಡಿಗಾರನಿಗೆ ಸಹಾಯವಾಗಲೆಂದು ಕೊಳ್ಳುವುದು. ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಬೇಕು. ಗಂಧದ ತುಂಡು ಸಿಗುವುದು ದುರ್ಲಭವಾಗಿ, ಎಳೆಯರು ಉಳಿಯನ್ನು ಬಿಟ್ಟು ಬೇರೆ ಉದ್ಯೋಗಕ್ಕೆ ಹೋಗುತ್ತಿರುವಾಗ, ತಿಂಗಳುಗಟ್ಟಲೆ ಕಣ್ಣು ಬಸಿದು ಮಾಡಿದ ಕೆಲಸಕ್ಕೆ ನ್ಯಾಯವಾದ ಬೆಲೆ ಕೊಡುವವನು ಬೇಕೆಂಬುದು ದಿಟ. ಎಲ್ಲರೂ ಅಪರಿಗ್ರಹಿಗಳಾದರೆ ಕುಶಲಕರ್ಮಿಗಳ ಗತಿಯೇನು ಎಂಬ ಪ್ರಶ್ನೆಗೆ, ಎಲ್ಲರೂ ಅಪರಿಗ್ರಹಿಗಳಾಗುವ ಭಯವು ಸದ್ಯಕ್ಕಿಲ್ಲವೆಂದು ನಗೆಯ ಉತ್ತರವನ್ನು ಕೊಡಬಹುದು. ಆದರೆ ಸೊರಬದ ಆ ಮುದುಕನಿಗೆ ಅದು ಉತ್ತರವಾಗದು. ಕುಪ್ಪಟೂರಿನ ಪಾರ್ಶ್ವದೇವ ಚೈತ್ಯಾಲಯವನ್ನು 1077ರಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಕಟ್ಟಿಸಿದಾಗ ಕಲ್ಲುಕುಟಿಗರಿಗೆ ಅನ್ನ ಸಿಕ್ಕಿತು. ಧರ್ಮವು ಎಂದೂ ಕಲೆಗಾರರ ಶತ್ರುವಾಗಿರಲಿಲ್ಲ. ಆದರೆ ಕೊಟ್ಟ ಹಣಕ್ಕೆ ಪ್ರತಿಯಾಗಿ ಆನೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದವನು ಅದನ್ನು ದಾನವೆಂದು ಕರೆಯಬಾರದು. ಅದು ಕ್ರಯ. ಒಳ್ಳೆಯ ಕ್ರಯವಾಗಿರಬಹುದು, ಚೌಕಾಸಿಯಿಲ್ಲದ ಉದಾರವಾದ ಕ್ರಯವಾಗಿರಬಹುದು. ತ್ಯಾಗಧರ್ಮದ ಲೆಕ್ಕದಲ್ಲಿ ಅದನ್ನು ಬರೆದುಕೊಳ್ಳುವುದು ತನಗೆ ತಾನೇ ಹೇಳಿಕೊಂಡ ಸುಳ್ಳು. ಸಹಾಯವೇ ಉದ್ದೇಶವಾಗಿದ್ದರೆ ಉಪಾಧ್ಯಾಯನು ಬಸದಿಗೆ ಒಂದು ಸ್ವಾಧ್ಯಾಯಪೀಠವನ್ನು ಕೆತ್ತಿಕೊಡೆಂದು ಕೇಳಬಹುದಾಗಿತ್ತು. ಅದು ಹೊಳೆಯದೆ ಆನೆಯೇ ಹೊಳೆದದ್ದೇಕೆ?

ಹೀಗೆ ಒಂದೊಂದೇ ಸಮರ್ಥನೆಯನ್ನು ತೆಗೆದುಹಾಕುತ್ತ ಬಂದರೆ ಕೊನೆಗೆ ಉಳಿಯುವುದು ಒಂದು ಸರಳ ಸಂಗತಿ: ಅದು ಚೆಲುವಾಗಿದೆ, ಅವನಿಗೆ ಬೇಕೆನಿಸಿದೆ. ಇದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಗೃಹಸ್ಥನು ಮುನಿಯಲ್ಲ; ಅವನ ವ್ರತಕ್ಕೆ ಅಣುವೆಂಬ ವಿಶೇಷಣವು ಸುಮ್ಮನೆ ಬಂದದ್ದಲ್ಲ. ಉಪಭೋಗವೆಂಬ ಮಾತು, ಅಂದರೆ ಮತ್ತೆ ಮತ್ತೆ ಅನುಭವಿಸತಕ್ಕ ವಸ್ತು ಎಂಬ ಕಲ್ಪನೆಯೇ, ಶ್ರಾವಕನು ಕೆಲವನ್ನು ಅನುಭವಿಸುವನೆಂಬುದನ್ನು ಒಪ್ಪಿದೆ. ಕೊಂಡರೆ ವ್ರತಭಂಗವಾಯಿತೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಹಾಗೆಯೇ ಕೊಳ್ಳದೆ ಬಂದು ಅದನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವವನ ತ್ಯಾಗಕ್ಕಿಂತ, ಕೊಂಡು ಸುಮ್ಮನಿರುವವನ ಭೋಗವೇ ಹಗುರವಾದ ಕರ್ಮವಾಗಿರುವ ಸಂಭವವೂ ಉಂಟು.

ಆದರೂ ಒಂದು ದಾರಿಯಿದೆ, ಅದು ಶಾಸ್ತ್ರವೇ ತೋರಿಸಿದ ದಾರಿ. ಭೋಗೋಪಭೋಗಗಳನ್ನು ಬಿಡುವಾಗ ಜೀವಾವಧಿಯಾಗಿ ಬಿಟ್ಟರೆ ಅದು ಯಮ, ಕಾಲವನ್ನು ಗೊತ್ತುಮಾಡಿಕೊಂಡು ಬಿಟ್ಟರೆ ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಹೀಗೆ ಎಷ್ಟು ಬೇಕಾದರೂ ಅವಧಿಯನ್ನು ಇಟ್ಟುಕೊಳ್ಳಲು ಆಚಾರ್ಯರು ಅನುಕೂಲ ಮಾಡಿಕೊಟ್ಟಿದ್ದಾರೆ. ಭಾದ್ರಪದ ಶುಕ್ಲ ಪಂಚಮಿಯಿಂದ ದಶಲಕ್ಷಣ ಪರ್ವ. ಅದರ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯದ ದಿನ. ಆಮೇಲೆ ದೀಪಾವಳಿಯ ನಿರ್ವಾಣಪೂಜೆಯವರೆಗೆ ಆನೆಯನ್ನು ಕೊಳ್ಳುವುದಿಲ್ಲವೆಂದು ಉಪಾಧ್ಯಾಯನು ನಿಯಮವನ್ನು ಮಾಡಿಕೊಳ್ಳಬಹುದು. ಆ ಅವಧಿಯಲ್ಲಿ ತನ್ನ ಹಳೆಯ ಮೊಂಡು ಕಾಯಿಗಳೊಡನೆ ಆಡಲಿ. ಸಾಮಾಯಿಕದಲ್ಲಿ ಸೊಂಡಿಲು ಎಷ್ಟು ಸಲ ಬಂತೆಂದು ತಾನೇ ಎಣಿಸಲಿ. ಮೊದಲ ವಾರ ಹತ್ತು ಸಲ ಬಂದದ್ದು ಕೊನೆಯ ವಾರ ಒಮ್ಮೆಯೂ ಬಾರದಿದ್ದರೆ ಆಗ ಅವನಿಗೆ ತಿಳಿಯುತ್ತದೆ. ಮೊದಲಿನಷ್ಟೇ ಬರುತ್ತಿದ್ದರೂ ತಿಳಿಯುತ್ತದೆ.

ಈ ನಿಯಮದಲ್ಲಿ ಒಂದು ತೊಡಕಿದೆ. ವ್ರತಿಗಳು ಸಾಮಾನ್ಯವಾಗಿ ಗಮನಿಸದೆ ಬಿಡುವುದು ಇದನ್ನೇ. ಒಬ್ಬನ ಆತ್ಮಪರೀಕ್ಷೆಯ ವೆಚ್ಚವನ್ನು ಇನ್ನೊಬ್ಬನು ಹೊರಬಾರದು. 'ನನಗಾಗಿ ಇಟ್ಟಿರು, ದೀಪಾವಳಿಗೆ ಹೇಳುತ್ತೇನೆ' ಎಂದು ಗುಡಿಗಾರನನ್ನು ಕಾಯಿಸಿದರೆ, ಅವನ ಅಕ್ಕಿ ಬೇಳೆಯ ಹಣವನ್ನು ಉಪಾಧ್ಯಾಯನು ತನ್ನ ಸಂಯಮಕ್ಕೆ ಬಳಸಿಕೊಂಡಂತಾಗುತ್ತದೆ. ಆದುದರಿಂದ ನಿಯಮವನ್ನು ತೆಗೆದುಕೊಳ್ಳುವ ದಿನವೇ ಅವನು ಸೊರಬಕ್ಕೆ ಹೋಗಿ, ಅಥವಾ ಬರೆದು, ಯಾರಾದರೂ ಕೇಳಿದರೆ ಮಾರಿಬಿಡಬಹುದು, ತನಗಾಗಿ ಇರಿಸಬೇಕಾಗಿಲ್ಲವೆಂದು ತಿಳಿಸತಕ್ಕದ್ದು. ಆನೆಯು ಬೆಂಗಳೂರಿನ ಯಾವುದೋ ಶ್ರೀಮಂತನ ಕೋಣೆಗೆ ಹೋಗಬಹುದು. ಅದನ್ನು ಇನ್ನೆಂದೂ ನೋಡದೆ ಇರಬಹುದು. ಅಷ್ಟು ಚಿಕ್ಕ ವಾಕ್ಯವನ್ನು ಒಂದು ಕಾರ್ಡಿನ ಮೇಲೆ ಬರೆದು ಅಂಚೆಪೆಟ್ಟಿಗೆಗೆ ಹಾಕಲು ಅವನಿಗೆ ಎಷ್ಟು ದಿನ ಹಿಡಿಯುತ್ತದೆಂಬುದನ್ನು ಶಿಕಾರಿಪುರದ ನೆರೆಮನೆಯವನು ಅರಿಯನು. ಚದುರಂಗದ ಹಲಗೆಯ ಎದುರಿನಲ್ಲಿ ಕುಳಿತ ಅವನು, ಎದುರಾಳಿಯು ಯಾವುದೋ ನಡೆಯನ್ನು ಬಹಳ ಹೊತ್ತು ಯೋಚಿಸುತ್ತಿದ್ದಾನೆಂದಷ್ಟೇ ತಿಳಿಯುವನು.